ಅವಳು ಬಂದಿರ್ಲಿಲ್ವಲ್ಲ ಅಪ್ಪಾ

ಭಾನುವಾರ ಮಗಳು ಕಪ್ ಗೆದ್ದಳು. ಹದಿನಾಲ್ಕು ವರ್ಷದೊಳಗಿನವರ ಟೆನಿಸ್ ಟೂರ್ನಿ, ಅವಳ ಮೊದಲ ಕಪ್. ಫೋಟೊಗೆ ನಿಂತಳು, ಎಲ್ಲರಿಗೂ ಥ್ಯಾಂಕ್ಸ್ ಹೇಳಿದಳು. ಕಾರಿಗೆ ಬಂದವಳು ಕಪ್ಪನ್ನು ಹಿಂದಿನ ಸೀಟಿನಲ್ಲಿ, ಒದ್ದೆ ಟವೆಲ್ ಪಕ್ಕ ಅಡ್ಡ ಮಲಗಿಸಿದಳು. ಮುಂದೆ ಬಂದು ಕೂತು, ಕಿಟಕಿ ಕಡೆ ತಿರುಗಿ ಅಂದಳು: "ಅವಳು ಬಂದಿರ್ಲಿಲ್ವಲ್ಲ ಅಪ್ಪಾ."

ನಾನು ಏನೂ ಹೇಳಲಿಲ್ಲ. ಗಾಡಿ ಸ್ಟಾರ್ಟ್ ಮಾಡಿದೆ.

ಅವಳು ಅಂದ್ರೆ, ಎರಡು ವರ್ಷದಲ್ಲಿ ನನ್ನ ಮಗಳನ್ನು ಆರು ಸಲ ಸೋಲಿಸಿದ ಹುಡುಗಿ. ಅದರಲ್ಲಿ ಎರಡು ಸಲ ಫೈನಲ್‌ನಲ್ಲಿ. ಈ ಸಲ ಅವಳ ಕಾಲು ಉಳುಕಿತ್ತಂತೆ. ಯಾರ ಎದುರು ಯಾರು ಅನ್ನೋ ಪಟ್ಟಿಯಲ್ಲಿ, ಅಂದ್ರೆ ಡ್ರಾದಲ್ಲಿ, ಅವಳ ಹೆಸರಿಲ್ಲ ಅಂತ ಗೊತ್ತಾದಾಗ ಪಕ್ಕದಲ್ಲಿದ್ದ ಇನ್ನೊಬ್ಬ ಹುಡುಗಿಯ ತಂದೆ ನನ್ನ ಬೆನ್ನು ತಟ್ಟಿ, "ಬಿಡಿ ಸರ್, ಈ ಸಲ ನಿಮ್ಮ ದಾರಿ ಸಲೀಸು" ಅಂದರು. ನಾನೂ ನಕ್ಕೆ. ಒಳಗೊಳಗೇ ಖುಷಿಯಾಗಿತ್ತು. ಅವರು ಒಳ್ಳೆಯವರೇ. ಆದರೆ ಮಕ್ಕಳ ಆಟದಲ್ಲಿ ನಾವು ದೊಡ್ಡವರು ಹಾಕುವ ಈ ಲೆಕ್ಕ ಇದೆಯಲ್ಲ, ಅದು ನನಗೆ ಇಷ್ಟವಿಲ್ಲ. ಆವತ್ತು ನಾನೂ ಅದೇ ಲೆಕ್ಕ ಹಾಕಿದ್ದೆ. ಮಗಳು ಹಾಕಿರಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಆ ಮಾತು ಕಿವಿಯಲ್ಲೇ ಇತ್ತು. ಅವಳ ದನಿಯಲ್ಲಿ ಬೇಜಾರಿತ್ತು, ಆದರೆ ಸೋತಾಗಿನ ಬೇಜಾರಲ್ಲ. ಊಟಕ್ಕೆ ಕೂತಾಗ ಯಾರೋ ಒಬ್ಬರು ಇನ್ನೂ ಬಂದಿಲ್ಲ ಅನ್ನುವ ಹಾಗಿತ್ತು.

ನಾನು ಸಣ್ಣವನಿದ್ದಾಗಿಂದ ಅಮೆರಿಕದ ಟೆನಿಸ್ ಆಟಗಾರ್ತಿ ಕ್ರಿಸ್ ಎವರ್ಟ್ ಅಭಿಮಾನಿ. ಎವರ್ಟ್ ಮತ್ತು ಮಾರ್ಟಿನಾ ನವ್ರಾಟಿಲೋವಾ 1973ರಿಂದ 1988ರವರೆಗೆ 80 ಸಲ ಎದುರಾದರು. 43 ಸಲ ಮಾರ್ಟಿನಾ ಗೆದ್ದರು, 37 ಸಲ ಎವರ್ಟ್. ಆ 80ರಲ್ಲಿ 60 ಪಂದ್ಯ ಫೈನಲ್‌ಗಳು. ಸ್ವಲ್ಪ ಯೋಚನೆ ಮಾಡಿ. ಸೋತವರೆಲ್ಲ ಒಬ್ಬೊಬ್ಬರಾಗಿ ಬ್ಯಾಗ್ ಹೆಗಲಿಗೇರಿಸಿ ಹೊರಟುಹೋಗ್ತಾರೆ. ಟೂರ್ನಿಯ ಕೊನೇ ದಿನ ಲಾಕರ್ ರೂಮಿನಲ್ಲಿ ಉಳಿಯೋದು ಇವರಿಬ್ಬರೇ. ಹದಿನೈದು ವರ್ಷ ಹಾಗೇ ನಡೆಯಿತು.

ಮೊದಮೊದಲು ಎವರ್ಟ್ ಗೆಲ್ಲುತ್ತಲೇ ಇದ್ದರು. ಇಬ್ಬರೂ ಜೋಡಿಯಾಗಿ ಡಬಲ್ಸ್ ಆಡಿ 1975ರಲ್ಲಿ ಫ್ರೆಂಚ್ ಓಪನ್, 1976ರಲ್ಲಿ ವಿಂಬಲ್ಡನ್ ಗೆದ್ದರು. ಆಮೇಲೆ ಎವರ್ಟ್ ಆ ಜೋಡಿ ಬಿಟ್ಟರು. ಪಕ್ಕದಲ್ಲೇ ಆಡಿ ಆಡಿ ಮಾರ್ಟಿನಾಗೆ ತನ್ನ ಆಟ ಜಾಸ್ತಿ ಗೊತ್ತಾಗ್ತಿದೆ ಅನ್ನೋ ಭಯ ಅವರಿಗಿತ್ತು. ನನ್ನ ನೆಚ್ಚಿನ ಆಟಗಾರ್ತಿ ಮಾಡಿದ ಈ ಕೆಲಸ ನನಗೆ ಹಿಡಿಸಲ್ಲ. ಆದರೆ ಅರ್ಥ ಆಗುತ್ತೆ. 1981ರಲ್ಲಿ ಅಮೆರಿಕದ ಅಮೇಲಿಯಾ ಐಲ್ಯಾಂಡ್‌ನಲ್ಲಿ ಎವರ್ಟ್ ಇದೇ ಮಾರ್ಟಿನಾರನ್ನು 6-0, 6-0ರಿಂದ ಸೋಲಿಸಿದರು. ಒಂದೇ ಒಂದು ಗೇಮ್ ಕೊಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕುಗ್ಗಿಹೋಗ್ತಿದ್ದರು. ಮಾರ್ಟಿನಾ ಬಾಸ್ಕೆಟ್‌ಬಾಲ್ ಆಟಗಾರ್ತಿ ನ್ಯಾನ್ಸಿ ಲೀಬರ್ಮನ್ ಜೊತೆ ಸೇರಿ ಮೈಯನ್ನು ಹೊಸದಾಗಿ ಕಟ್ಟಿಕೊಂಡರು. ಓಟ, ಭಾರ ಎತ್ತೋದು, ಊಟದ ಶಿಸ್ತು, ಯಾವುದನ್ನೂ ಬಿಡಲಿಲ್ಲ. 1983ರಲ್ಲಿ ಇಡೀ ವರ್ಷಕ್ಕೆ ಸೋತಿದ್ದು ಒಂದೇ ಪಂದ್ಯ.

ಈಗ ಸರದಿ ಎವರ್ಟ್ ಅವರದು. ಮಾರ್ಟಿನಾ ಎದುರು ಆಡಿದಾಗಲೆಲ್ಲ ಸೋಲು, ಒಂದರ ಹಿಂದೊಂದು ಹದಿಮೂರು. 1984ರ ಯುಎಸ್ ಓಪನ್ ಫೈನಲ್‌ನಲ್ಲಿ ಮೊದಲ ಸೆಟ್ ಗೆದ್ದೂ ಸೋತರು. ಆ ಹೊತ್ತಿಗೆ ಅವರ ಬಳಿ ಎಲ್ಲ ಇತ್ತು. ಹೆಸರಿತ್ತು, ದುಡ್ಡಿತ್ತು, ಹದಿನೈದು ಗ್ರ್ಯಾಂಡ್ ಸ್ಲಾಮ್, ಅಂದ್ರೆ ವರ್ಷದ ನಾಲ್ಕು ದೊಡ್ಡ ಟೂರ್ನಿಗಳ ಸಿಂಗಲ್ಸ್ ಕಪ್, ಇತ್ತು. ಸಾಕು ಅಂತ ಎದ್ದು ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಹೋಗಲಿಲ್ಲ. ಆ ಸೋಲುಗಳ ಕಾಲದಲ್ಲೇ, ಅಷ್ಟು ವರ್ಷ ಹಿಡಿದ ಮರದ ರ‍್ಯಾಕೆಟ್ ಬಿಟ್ಟು ಗ್ರ್ಯಾಫೈಟ್ ರ‍್ಯಾಕೆಟ್ ಹಿಡಿದರು. ಜಿಮ್‌ಗೆ ಹೋಗೋಕೆ ಶುರು ಮಾಡಿದರು. ತನ್ನನ್ನು ಸೋಲಿಸಿದವಳು ಮಾಡಿದ್ದನ್ನೇ ತಾನೂ ಮಾಡೋದು ಸುಲಭ ಅಲ್ಲ. ಅದಕ್ಕೆ ಮೊದಲು 'ಅವಳು ನನಗಿಂತ ಮುಂದೆ ಹೋದಳು' ಅಂತ ಒಪ್ಪಿಕೊಳ್ಳಬೇಕು.

ಸೋಮವಾರ ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು 1985ರ ಫ್ರೆಂಚ್ ಓಪನ್ ಫೈನಲ್ ಹಾಕಿದೆ. ಹಳೇ ವಿಡಿಯೊ, ಚೆಂಡು ಕಾಣೋದೇ ಕಷ್ಟ. ಮೊದಲು ಸುಮ್ನೆ ನೋಡ್ತಿದ್ದಳು. ಮೂರನೇ ಸೆಟ್ ಬರುವಷ್ಟರಲ್ಲಿ ಸೋಫಾದಿಂದ ಇಳಿದು ನೆಲದ ಮೇಲೆ, ಟಿವಿ ಹತ್ತಿರ ಕೂತಿದ್ದಳು.

ಎವರ್ಟ್ 5-3 ಮುಂದಿದ್ದರು. ಅಲ್ಲಿಂದ 5-5 ಆಯ್ತು. ಎವರ್ಟ್ ಸರ್ವ್, ಸ್ಕೋರ್ 0-40. ಇನ್ನೊಂದು ಪಾಯಿಂಟ್ ಹೋದರೆ ಗೇಮ್ ಮಾರ್ಟಿನಾಗೆ. ಮಗಳು ಎರಡೂ ಕೈಯಿಂದ ಮಂಡಿ ಹಿಡಿದುಕೊಂಡಳು. "ಹೋಯ್ತು" ಅಂದಳು. ಹೋಗಲಿಲ್ಲ. ಎವರ್ಟ್ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಒಂದೊಂದೇ ಪಾಯಿಂಟ್ ಆಡುತ್ತಾ ಆ ಗೇಮ್ ಉಳಿಸಿಕೊಂಡರು. ಮಾರ್ಟಿನಾ ಸರ್ವ್ ಮಾಡಿದ ಮುಂದಿನ ಗೇಮನ್ನೂ ಎವರ್ಟ್ ಗೆದ್ದರು. ಕೊನೇ ಪಾಯಿಂಟ್‌ಗೆ ಮಾರ್ಟಿನಾ ನೆಟ್‌ಗೆ ನುಗ್ಗಿ ಬಂದಿದ್ದರು. ಎವರ್ಟ್ ಎರಡು ಕೈಯ ಬ್ಯಾಕ್‌ಹ್ಯಾಂಡ್‌ನಲ್ಲಿ ಗೆರೆ ಪಕ್ಕಕ್ಕೇ ಚೆಂಡು ದಾಟಿಸಿದರು. 6-3, 6-7, 7-5. ಆಗ ಅವರಿಗೆ ಮೂವತ್ತು ವರ್ಷ.

ನಾನು ಕಾಯುತ್ತಿದ್ದದ್ದು ಅದರ ಮುಂದಿನ ದೃಶ್ಯಕ್ಕೆ. ಇಬ್ಬರೂ ನೆಟ್ ಹತ್ತಿರ ಬಂದು ಅಪ್ಪಿಕೊಳ್ಳುತ್ತಾರೆ. ಮಾರ್ಟಿನಾ ಮುಖದಲ್ಲೂ ನಗು ಇದೆ. ಸೋತವರು ಯಾರು ಅಂತ ಆ ಕ್ಷಣ ಹೇಳೋಕಾಗಲ್ಲ. ಮಗಳು ಅಷ್ಟನ್ನು ಹಿಂದೆ ಹಾಕಿ ಮತ್ತೆ ನೋಡಿದಳು. ಮತ್ತೆ ಹಿಂದೆ ಹಾಕಿದಳು. ಮೂರು ಸಲ.

ಭಾನುವಾರದ ಮಾತು ನನಗೆ ಅರ್ಥವಾಗಿದ್ದು ಆಗ. ಆರು ಸಲ ಸೋತಳಲ್ಲ, ಆ ಪ್ರತಿ ಸೋಲಿನ ಮರುದಿನ ಇವಳು ಬೆಳಿಗ್ಗೆ ಬೇಗ ಎದ್ದು ಗೋಡೆಗೆ ಬ್ಯಾಕ್‌ಹ್ಯಾಂಡ್ ಹೊಡೆದಿದ್ದು ಯಾವುದೋ ಕಪ್ಪಿಗಾಗಿ ಅಲ್ಲ. ಆ ಹುಡುಗಿಯ ಸರ್ವ್ ವಾಪಸ್ ಕಳಿಸೋಕೆ. ಇವಳ ಆಟದಲ್ಲಿ ಅರ್ಧ ಅವಳು ಕಲಿಸಿದ್ದೇ. ಛಲ ಅಂದ್ರೆ ಒಬ್ಬರೊಳಗೇ ಹುಟ್ಟಿ ಒಬ್ಬರೊಳಗೇ ಉರಿಯೋದು ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಅದಕ್ಕೆ ಇಬ್ಬರು ಬೇಕು. ನಾನು ಅವಳಿಲ್ಲ ಅಂತ ಖುಷಿಪಟ್ಟ ದಿನ ಮಗಳು ಯಾರನ್ನು ಹುಡುಕುತ್ತಿದ್ದಳು ಅಂತ ನನಗೆ ಕಾಣಲೇ ಇಲ್ಲ.

2022ರಲ್ಲಿ ಎವರ್ಟ್ ತಮಗೆ ಕ್ಯಾನ್ಸರ್ ಅಂತ ಹೇಳಿದರು. ಮರುವರ್ಷ ಮಾರ್ಟಿನಾ. ಆ ಹೊತ್ತಿನಲ್ಲೂ ಇಬ್ಬರೂ ಒಬ್ಬರಿಗೊಬ್ಬರು ನಿಂತರು. ಇಬ್ಬರ ಹತ್ತಿರವೂ ಸಿಂಗಲ್ಸ್ ಗ್ರ್ಯಾಂಡ್ ಸ್ಲಾಮ್ 18. ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಕೇಳಿದ್ದು ಬೇರೆ.

"ಆ ಮ್ಯಾಚ್ ಆದ್ಮೇಲೆ ಮತ್ತೆ ಯಾವಾಗ ಆಡಿದ್ರು?"

"ಒಂದೇ ತಿಂಗಳಿಗೆ. ವಿಂಬಲ್ಡನ್ ಫೈನಲ್‌ನಲ್ಲಿ."

"ಯಾರು ಗೆದ್ರು?"

"ಮಾರ್ಟಿನಾ."

"ಅಂದ್ಕೊಂಡೆ" ಅಂತ ನಕ್ಕಳು. ಆಮೇಲೆ ನನ್ನ ಫೋನ್ ತಗೊಂಡು, ಆ ಹುಡುಗಿಯ ಅಮ್ಮನ ನಂಬರ್‌ಗೆ ಏನೋ ಟೈಪ್ ಮಾಡಿದಳು. ಅವಳು ಮಲಗಿದ ಮೇಲೆ ನೋಡಿದೆ. 'ಆಂಟಿ, ಅವಳ ಕಾಲು ಹೇಗಿದೆ? ಮುಂದಿನ ಟೂರ್ನಿಗೆ ಬರ್ತಾಳಲ್ವಾ?'