ಯಾಕೆ ಮಾವ, ಕೈ ಹಿಂದೆ ತೆಗೆದ್ರಿ?

ಮೂರು ದಿನವಾಯಿತು, ಅಕ್ಕನ ಮಗಳು ಕೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. "ಯಾಕೆ ಮಾವ, ಕೈ ಹಿಂದೆ ತೆಗೆದ್ರಿ?"

ಎಲ್ಲ ಶುರುವಾಗಿದ್ದು ಅವಳ ಶಾಲೆಯ ಪ್ರಾಜೆಕ್ಟಿನಿಂದ. ಎರಡು ಪೆಟ್ಟಿಗೆ, ಎರಡರಲ್ಲೂ ಬಲ್ಬು, ನೀರಿನ ಬಟ್ಟಲು, ಕಾವಿಗಿಟ್ಟ ಆರಾರು ಕೋಳಿಮೊಟ್ಟೆ. ಒಂದರಲ್ಲಿ ಮಾತ್ರ ಫೋನು, ಗಂಟೆಗಟ್ಟಲೆ ಕಾಲ್‌ನಲ್ಲಿ. ಮೊದಲ ಸಲ ಫೋನಿದ್ದ ಪೆಟ್ಟಿಗೆಯಲ್ಲಿ ಒಂದೂ ಉಳಿಯಲಿಲ್ಲ. ಭಾವನಿಗೆ ಹಬ್ಬ. "ನೋಡಿದ್ಯಾ, ರೇಡಿಯೇಷನ್!" ಎಂದು ವಾಟ್ಸಾಪ್‌ಗೆ ಫೋಟೋ ತೆಗೆಯಲು ಹೊರಟರು. ರಾತ್ರಿ ದಿಂಬಿನಡಿ ಫೋನಿಟ್ಟು ಮಲಗುವ ಮನುಷ್ಯ!

ಹುಡುಗಿ ಥರ್ಮಾಮೀಟರ್ ತೋರಿಸಿದಳು. ಕಾವಿಗೆ ಬೇಕಾದ್ದು 37.5 ಡಿಗ್ರಿ. ಫೋನಿನ ಪಕ್ಕ 40 ಇತ್ತು. "ಅಪ್ಪ, ಇವು ಸುಮ್ನೆ ಬಿಸಿಗೇ ಸತ್ತಿರಬಹುದು ಅಲ್ವಾ?"

ಭಾವ ಫೋಟೋ ಕಳಿಸಲಿಲ್ಲ. ಒಪ್ಪಿಕೊಳ್ಳಲೂ ಇಲ್ಲ.

ಅವಳು ಹೇಳಿದ್ದರಲ್ಲಿ ಹುರುಳಿದೆ. ಫೋನಿನ ಅಲೆಗೆ ಎಕ್ಸ್‌ರೇ ಹಾಗೆ ಅಣುಗಳ ಬಂಧ ಮುರಿಯುವ ತಾಕತ್ತಿಲ್ಲ. ಖಚಿತವಾಗಿ ಗೊತ್ತಿರುವ ಪರಿಣಾಮ ಎಂದರೆ ಮೈ ಬಿಸಿ ಮಾಡುವುದು. ಅದರ ಮೇಲೆ ಬ್ಯಾಟರಿಯ ಕಾವು ಬೇರೆ. ಕೋಳಿ, ಇಲಿಗಳ ಭ್ರೂಣದ ಮೇಲೆ ಬೇಕಾದಷ್ಟು ಪ್ರಯೋಗ ನಡೆದಿವೆ. ಕೆಲವರಿಗೆ ತೊಂದರೆ ಕಂಡಿದೆ, ಕೆಲವರಿಗೆ ಏನೂ ಕಂಡಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಅಲೆಗಳನ್ನು '2ಬಿ' ಗುಂಪಿಗೆ ಹಾಕಿದ್ದೂ "ಕ್ಯಾನ್ಸರ್ ತರಬಹುದೇನೋ" ಎಂಬ ಅನುಮಾನದ ಮೇಲೆಯೇ. ಅದೂ ಭ್ರೂಣದ ಮಾತಲ್ಲ.

ಎರಡನೇ ಸಲ ಅವಳು ಎರಡೂ ಪೆಟ್ಟಿಗೆಗೆ ಒಂದೇ ತರದ ಫೋನಿಟ್ಟಳು. ಒಂದು ಕಾಲ್‌ನಲ್ಲಿ. ಇನ್ನೊಂದು ಏರೋಪ್ಲೇನ್ ಮೋಡ್‌ನಲ್ಲಿ, ಸುಮ್ನೆ ವಿಡಿಯೋ ಓಡಿಸುತ್ತಾ. ಕಾವು ಇದೆ, ಅಲೆ ಇಲ್ಲ. ನನಗಂತೂ ಇದು ಹೊಳೆಯುತ್ತಿರಲಿಲ್ಲ.

ಐದನೇ ದಿನ ಕತ್ತಲು ಕೋಣೆಯಲ್ಲಿ ಮೊಟ್ಟೆ ನೋಡಲು ಕೂತೆವು. ಬೆಳಕಿಗೆ ನನ್ನ ಫೋನಿನ ಟಾರ್ಚೇ. ದಪ್ಪ ತುದಿಗೆ ಹಿಡಿದೆ. ಮೊಟ್ಟೆ ಪೂರ್ತಿ ಕೆಂಪಗೆ ಹೊತ್ತಿಕೊಂಡಿತು. ಒಳಗೆ ಜೇಡನ ಕಾಲಿನಂತೆ ಹರಡಿದ ರಕ್ತನಾಳಗಳು, ನಡುವೆ ಸಾಸಿವೆಯಷ್ಟು ಚುಕ್ಕಿ. ಅದು ಮಿಡಿಯುತ್ತಿತ್ತು. ಉಸಿರು ಬಿಡಲೂ ಮನಸ್ಸಾಗಲಿಲ್ಲ.

ಆಗಲೇ ಫೋನು ಗುರ್ರ್ ಎಂದಿತು. ಭಾವನ ಕಾಲ್. ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡೆ.

"ಯಾಕೆ ಮಾವ, ಕೈ ಹಿಂದೆ ತೆಗೆದ್ರಿ?"

"ಮೊಟ್ಟೆ ಬಿದ್ದೀತು ಅಂತ" ಎಂದೆ. ಮೊಟ್ಟೆ ಇದ್ದದ್ದು ಅವಳ ಕೈಯಲ್ಲಿ.

ಅವಳು ನನ್ನನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ನೋಟ್‌ಬುಕ್ ತೆಗೆದು ಬರೆದುಕೊಂಡಳು: "ಏರೋಪ್ಲೇನ್ ಪೆಟ್ಟಿಗೆ, ಮೂರನೇ ಮೊಟ್ಟೆ. ಮಾವನಿಗೆ ಒಂದು ಕಾಲ್ ಬಂತು."