ಇಸಿಯು ಫರ್ಮ್‌ವೇರ್ ಬರೆಯಲು ಎಲ್ಲಿಂದ ಶುರು ಮಾಡಬೇಕು?

ಎಂಜಿನ್ನಿಗೆ ಯಾವಾಗ ಕಿಡಿ, ಎಷ್ಟು ಇಂಧನ ಎಂದು ನಿರ್ಧರಿಸುವ ಎಂಜಿನ್ ಕಂಟ್ರೋಲ್ ಯೂನಿಟ್, ಅಂದರೆ ಇಸಿಯು, ತಾವೇ ಕಟ್ಟಬೇಕೆಂದು ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ: "ಬೋರ್ಡ್ ಸಿದ್ಧವಾಗಿದೆ, ಸಿ ಭಾಷೆ ಬರುತ್ತದೆ. ಫರ್ಮ್‌ವೇರ್ ಎಲ್ಲಿಂದ ಶುರು ಮಾಡಲಿ? ಇಂಧನದ ಲೆಕ್ಕದಿಂದಲೇ ಅಲ್ಲವೇ?"

ಅಲ್ಲ, ಹಲ್ಲಿನಿಂದ ಶುರು ಮಾಡಿ. ಪಿಸ್ಟನ್‌ಗಳ ಚಲನೆಯಿಂದ ತಿರುಗುವ ಕ್ರ್ಯಾಂಕ್‌ಶಾಫ್ಟ್ ಜೊತೆ ಸುತ್ತುವ ಹಲ್ಲಿನ ಚಕ್ರ ಈ ಕ್ಷಣ ಯಾವ ಕೋನದಲ್ಲಿದೆ ಎಂಬುದನ್ನು ನಿಮ್ಮ ಫರ್ಮ್‌ವೇರ್, ಅಂದರೆ ಬೋರ್ಡಿನ ಚಿಪ್‌ನೊಳಗೆ ಓಡುವ ಪ್ರೋಗ್ರಾಂ, ತಪ್ಪದೆ ಹೇಳುವವರೆಗೆ ಇಂಧನದ ಗೊಡವೆಗೇ ಹೋಗಬೇಡಿ.

ಇಂಧನದ ಲೆಕ್ಕ ಜನರನ್ನು ಸೆಳೆಯುವುದು ಸಹಜ. ಮ್ಯಾನಿಫೋಲ್ಡಿನ (ಸಿಲಿಂಡರಿಗೆ ಗಾಳಿ ಹೋಗುವ ಕೊಳವೆಯ) ಒತ್ತಡ, ಗಾಳಿಯ ಉಷ್ಣಾಂಶ, ಸಿಲಿಂಡರಿನ ಗಾತ್ರ ಗೊತ್ತಿದ್ದರೆ ಒಳಗೆ ಹೋದ ಗಾಳಿಯ ತೂಕ ಸಿಗುತ್ತದೆ. 500 ಸಿಸಿ ಸಿಲಿಂಡರಿನಲ್ಲಿ 100 ಕಿಲೋಪಾಸ್ಕಲ್ ಒತ್ತಡ, 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು 0.58 ಗ್ರಾಂ ಗಾಳಿ, ಪೆಟ್ರೋಲಿಗೆ 14.7ಕ್ಕೆ 1ರ ಅನುಪಾತ ಹಿಡಿದರೆ ಸುಮಾರು 40 ಮಿಲಿಗ್ರಾಂ ಇಂಧನ. ಸಿಲಿಂಡರ್ ನಿಜಕ್ಕೂ ಎಷ್ಟು ತುಂಬುತ್ತದೆ ಎಂಬುದಕ್ಕೆ ಒಂದು ಕೋಷ್ಟಕ, ಇಂಧನ ಚಿಮ್ಮಿಸುವ ಇಂಜೆಕ್ಟರ್ ತೆರೆದುಕೊಳ್ಳಲು ಹಿಡಿಯುವ ಸಮಯಕ್ಕೆ ಬ್ಯಾಟರಿ ವೋಲ್ಟೇಜಿನ ಮೇಲೆ ಒಂದು ತಿದ್ದುಪಡಿ. ಇದರಲ್ಲಿ ಶೇಕಡಾ ಐದರಷ್ಟು ಹೆಚ್ಚುಕಡಿಮೆಯಾದರೂ ಎಂಜಿನ್ ಓಡುತ್ತದೆ, ಸೈಲೆನ್ಸರ್ ಪೈಪಿನ ಆಮ್ಲಜನಕ ಸೆನ್ಸರ್ ತಪ್ಪನ್ನು ತೋರಿಸಿಕೊಡುತ್ತದೆ. ಕೋನ ತಪ್ಪಿದರೆ ಹಾಗೆ ತೋರಿಸಿಕೊಡುವವರು ಯಾರೂ ಇಲ್ಲ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಬಹಳ ಮುಂಚೆ ಕಿಡಿ ಹತ್ತಿದರೆ ಆ ಹೊಡೆತ ಪಿಸ್ಟನ್ನಿಗೂ ಬೇರಿಂಗಿಗೂ ಬೀಳುತ್ತದೆ.

ಬಹಳ ಎಂಜಿನ್‌ಗಳಲ್ಲಿ ಇರುವ 60-2 ಚಕ್ರವನ್ನೇ ತೆಗೆದುಕೊಳ್ಳಿ. ಅರವತ್ತು ಹಲ್ಲುಗಳ ಜಾಗ, ಅದರಲ್ಲಿ ಎರಡು ಖಾಲಿ. ಒಂದೊಂದು ಹಲ್ಲು ಎದುರು ಬಂದಾಗ ಕ್ರ್ಯಾಂಕ್ ಸೆನ್ಸರ್ ಒಂದು ಸಂಕೇತ ಕೊಡುತ್ತದೆ, ಎಣಿಕೆ ಎಲ್ಲಿಂದ ಶುರು ಎನ್ನುವುದಕ್ಕೆ ಆ ಖಾಲಿ ಜಾಗವೇ ಗುರುತು. ಒಂದೊಂದು ಹಲ್ಲಿಗೆ 6 ಡಿಗ್ರಿ. ನಿಮಿಷಕ್ಕೆ 6000 ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 10 ಮಿಲಿಸೆಕೆಂಡ್, ಒಂದು ಹಲ್ಲಿಗೆ ಸುಮಾರು 167 ಮೈಕ್ರೋಸೆಕೆಂಡ್, ಒಂದು ಡಿಗ್ರಿಗೆ 28 ಮೈಕ್ರೋಸೆಕೆಂಡ್ ಕೂಡ ಇಲ್ಲ. ಹೀಗಾಗಿ ಹಲ್ಲು ಬಂದ ಗಳಿಗೆಯನ್ನು ಸಾಫ್ಟ್‌ವೇರ್ ನೋಡಿ ಗುರುತು ಮಾಡಿಕೊಳ್ಳುವ ಹಾಗಿಲ್ಲ. ಟೈಮರಿನ ಇನ್‌ಪುಟ್ ಕ್ಯಾಪ್ಚರ್ ಬಳಸಿ. ಇಂಟರಪ್ಟ್, ಅಂದರೆ ಸಂಕೇತ ಬಂದಾಗ ಬೇರೆ ಕೆಲಸ ಬಿಟ್ಟು ಓಡುವ ಕೋಡ್, ತಡವಾದರೂ ಗಳಿಗೆಯನ್ನು ಹಾರ್ಡ್‌ವೇರ್ ಬರೆದಿಟ್ಟಿರುತ್ತದೆ.

ಇನ್ನು ಖಾಲಿ ಜಾಗವನ್ನು ಹಿಡಿಯುವ ಕೆಲಸ. ಈ ಅಂತರ ಹಿಂದಿನ ಅಂತರಕ್ಕಿಂತ ಬಹಳ ಉದ್ದವಿದ್ದರೆ ಅದೇ ಖಾಲಿ ಜಾಗ ಎನ್ನುವ ಒಂದು ಸಾಲಿನ ನಿಯಮವನ್ನು ಎಲ್ಲರೂ ಮೊದಲು ಬರೆಯುತ್ತಾರೆ. ಮೇಜಿನ ಮೇಲೆ ಅದು ಸೊಗಸಾಗಿ ನಡೆಯುತ್ತದೆ, ಸ್ಟಾರ್ಟರ್ ಮೋಟರ್ ತಿರುಗಿದ ಕೂಡಲೇ ಮುಗ್ಗರಿಸುತ್ತದೆ. ನಿಮಿಷಕ್ಕೆ 200 ಸುತ್ತಿನಲ್ಲಿ ಹಲ್ಲಿಗೆ ಸರಾಸರಿ 5 ಮಿಲಿಸೆಕೆಂಡ್ ಎಂದು ಕಾಗದ ಹೇಳುತ್ತದೆ. ನಿಜದಲ್ಲಿ ಪಿಸ್ಟನ್ ಗಾಳಿಯನ್ನು ಅದುಮುತ್ತಾ ಮೇಲೇರುವಾಗ ವೇಗ ಕುಸಿದು ಅಂತರ ಹಿಗ್ಗುತ್ತದೆ, ದಾಟಿದ ಮೇಲೆ ಕುಗ್ಗುತ್ತದೆ. 60-2 ಚಕ್ರದಲ್ಲಿ ಖಾಲಿ ಜಾಗ ಮಾಮೂಲಿ ಅಂತರದ ಮೂರು ಪಟ್ಟು ಇರುವುದರಿಂದ ಸ್ವಲ್ಪ ಸಲೀಸು. 36-1 ಚಕ್ರದಲ್ಲಿ ಎರಡೇ ಪಟ್ಟು. ಅಲ್ಲಿ ಕುಸಿದ ವೇಗವನ್ನೇ ಖಾಲಿ ಜಾಗವೆಂದು ತಿಳಿಯುವ ಅಪಾಯ ಹೆಚ್ಚು. ಆದ್ದರಿಂದ ಖಾಲಿ ಜಾಗ ಕಂಡಿತೆಂದು ತಕ್ಷಣ ನಂಬಬೇಡಿ. ಮುಂದಿನ ಖಾಲಿ ಜಾಗದವರೆಗೆ ಸರಿಯಾಗಿ 58 ಹಲ್ಲು ಬಂದವೇ ಎಂದು ಎಣಿಸಿ, ಬಂದರೆ ಮಾತ್ರ ಕೋನ ಗೊತ್ತಾಯಿತು ಎನ್ನಿ. ಓಡುತ್ತಿರುವಾಗ 57 ಅಥವಾ 59 ಬಂದರೆ ಆ ಕ್ಷಣವೇ ಕಿಡಿ ಮತ್ತು ಇಂಧನ ಎರಡನ್ನೂ ನಿಲ್ಲಿಸಿ, ಮತ್ತೆ ಹುಡುಕಲು ಶುರು ಮಾಡಿ. ಒಂದು ಕಿಡಿ ತಪ್ಪಿದರೆ ಎಂಜಿನ್ ಒಮ್ಮೆ ಎಡವುತ್ತದೆ, ಅಷ್ಟೇ. ತಪ್ಪು ಜಾಗದಲ್ಲಿ ಬಿದ್ದ ಕಿಡಿ ಅಷ್ಟಕ್ಕೆ ಬಿಡುವುದಿಲ್ಲ.

ಇಷ್ಟಾದರೂ ಇದು 360 ಡಿಗ್ರಿಯ ಅರಿವು ಮಾತ್ರ. ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ಒಂದು ಆವರ್ತ 720 ಡಿಗ್ರಿ. ಯಾವ ಸುತ್ತು ಎಂದು ತಿಳಿಯಲು ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಮ್ಮೆ ತಿರುಗುವ ಕ್ಯಾಮ್‌ಶಾಫ್ಟಿನ ಸೆನ್ಸರ್ ಬೇಕು. ಮೊದಲ ಹಂತಕ್ಕೆ ಅದು ಬೇಡ. ಎರಡು ಸುತ್ತಿನಲ್ಲೂ ಕಿಡಿ ಕೊಡುವ ಪದ್ಧತಿಯಲ್ಲಿ ಎಂಜಿನ್ ಚೆನ್ನಾಗಿಯೇ ಓಡುತ್ತದೆ.

ಎಂಟು ಬಿಟ್‌ನ ಎಟಿಮೆಗಾ 2560 ಚಿಪ್ ಬಳಸುವವರು ಸಮಯದ ಲೆಕ್ಕವನ್ನು ಹತ್ತಿರದಿಂದ ನೋಡಬೇಕು. ಅದರ 16 ಬಿಟ್ ಟೈಮರ್ 4 ಮೈಕ್ರೋಸೆಕೆಂಡಿಗೊಮ್ಮೆ ಏರಿದರೆ ಸುಮಾರು 262 ಮಿಲಿಸೆಕೆಂಡಿಗೆ ಮತ್ತೆ ಸೊನ್ನೆಗೆ ಬರುತ್ತದೆ. ಸ್ಟಾರ್ಟರ್ ತಿರುಗಿಸುವಾಗಿನ ಒಂದು ಸುತ್ತೇ 300 ಮಿಲಿಸೆಕೆಂಡ್! ಹಲ್ಲಿನಿಂದ ಹಲ್ಲಿಗೆ ಆದರೆ ಚಿಂತೆಯಿಲ್ಲ. ಚಿಹ್ನೆಯಿಲ್ಲದ ಸಂಖ್ಯೆಗಳಾಗಿ ಕಳೆದರೆ, ನಡುವೆ ಟೈಮರ್ ಸೊನ್ನೆ ದಾಟಿದ್ದರೂ ವ್ಯತ್ಯಾಸ ಸರಿಯಾಗಿಯೇ ಬರುತ್ತದೆ. ಇಡೀ ಸುತ್ತಿನ ಸಮಯಕ್ಕೆ 32 ಬಿಟ್ ಬೇಕು, ತೊಂದರೆ ಅಲ್ಲಿಂದ ಶುರು. ಆ ಸಂಖ್ಯೆಯನ್ನು ಚಿಪ್ ನಾಲ್ಕು ತುಂಡುಗಳಾಗಿ ಓದುತ್ತದೆ. ಎರಡು ತುಂಡು ಓದಿದಾಗ ಇಂಟರಪ್ಟ್ ಬಂದು ಸಂಖ್ಯೆಯನ್ನು ಬದಲಿಸಿದರೆ ಅರ್ಧ ಹಳೆಯದು, ಅರ್ಧ ಹೊಸದು. ಸಾವಿರಗಟ್ಟಲೆ ಸುತ್ತುಗಳಲ್ಲಿ ಎಲ್ಲೋ ಒಮ್ಮೆ ವೇಗ ಹುಚ್ಚುಹುಚ್ಚಾಗಿ ಬಂದು, ಜನ ವೈರಿಂಗನ್ನು ಬೈಯುತ್ತಾ ದಿನ ಕಳೆಯುತ್ತಾರೆ. ಇಂಟರಪ್ಟ್‌ಗಳನ್ನು ಒಂದು ಕ್ಷಣ ತಡೆದು ನಕಲು ಮಾಡಿಕೊಂಡು, ಲೆಕ್ಕವನ್ನು ನಕಲಿನ ಮೇಲೆ ಮಾಡಿದರೆ ಈ ಕಾಟವಿಲ್ಲ.

ಕೋನ ಕೈಗೆ ಸಿಕ್ಕ ಮೇಲೆ ಕಿಡಿ. ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್ ತುಂಬಿಕೊಳ್ಳಲು ಸುಮಾರು 3 ಮಿಲಿಸೆಕೆಂಡ್ ಬೇಕೆಂದರೆ, 6000 ಸುತ್ತಿನಲ್ಲಿ ಅದು 108 ಡಿಗ್ರಿ. ಅಷ್ಟು ಮುಂಚೆ ಕರೆಂಟ್ ಹರಿಸಲು ಶುರು ಮಾಡಿರುತ್ತೀರಿ, ಅಷ್ಟರಲ್ಲಿ ಎಂಜಿನ್ನಿನ ವೇಗ ಬದಲಾಗಿರಬಹುದು. ಕಿಡಿಗೆ ಹಿಂದಿನ ಕೊನೆಯ ಹಲ್ಲಿನಲ್ಲಿ ಗಳಿಗೆಯನ್ನು ಮತ್ತೊಮ್ಮೆ ಲೆಕ್ಕ ಹಾಕಿ ತಿದ್ದಿ. ತುಂಬುವ ಸಮಯ ತುಸು ಏರುಪೇರಾದರೆ ನಡೆಯುತ್ತದೆ, ಕಿಡಿಯ ಗಳಿಗೆ ಏರುಪೇರಾಗಬಾರದು.

ರೀಸೆಟ್ ಆದಾಗ ಚಿಪ್‌ನ ಪಿನ್‌ಗಳು ಯಾರ ಹಿಡಿತದಲ್ಲೂ ಇರುವುದಿಲ್ಲ. ಆಗ ಕಾಯಿಲ್ ಚಾಲೂ ಉಳಿದರೆ ಸುಡುತ್ತದೆ, ಇಂಜೆಕ್ಟರ್ ತೆರೆದೇ ಉಳಿದರೆ ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿ ಕನೆಕ್ಟಿಂಗ್ ರಾಡ್ ಬಾಗುವವರೆಗೂ ಹೋಗಬಹುದು. ಪ್ರತಿ ಔಟ್‌ಪುಟ್‌ನ್ನೂ ರೆಸಿಸ್ಟರಿನಿಂದ ಆಫ್ ಕಡೆಗೆ ಎಳೆದಿಡಿ, ಕಾಯಿಲಿಗೆ ಗರಿಷ್ಠ ಸಮಯದ ಮಿತಿ ಹಾಕಿ, ಪ್ರೋಗ್ರಾಂ ಸಿಕ್ಕಿಕೊಂಡರೆ ಚಿಪ್ಪನ್ನು ರೀಸೆಟ್ ಮಾಡುವ ವಾಚ್‌ಡಾಗ್ ಬಳಸಿ. ಇವನ್ನು ಕೊನೆಗೆ ಸೇರಿಸೋಣ ಎಂದು ಮುಂದೂಡುವವರಿಗೆ ನಾನು ಬೇರೆ ಯಾವ ಸಲಹೆಯನ್ನೂ ಕೊಡುವುದಿಲ್ಲ.

"ಮೆಗಾಸ್ಕ್ವರ್ಟ್, ಸ್ಪೀಡುಯಿನೊ, ರುಸ್‌ಇಎಫ್‌ಐನಂಥ ಸಿದ್ಧ ಇಸಿಯುಗಳು ಇರುವಾಗ ಹೊಸದಾಗಿ ಏಕೆ ಬರೆಯಬೇಕು?" ಎಂದೂ ಕೇಳುತ್ತಾರೆ. ಕಾರು ಓಡಿದರೆ ಸಾಕು ಎನ್ನುವವರು ಖಂಡಿತ ಬರೆಯಬೇಕಿಲ್ಲ. ಬರೆಯುವ ಆಸೆಯಿರುವವರು ಮುಕ್ತವಾಗಿ ಸಿಗುವ ಸ್ಪೀಡುಯಿನೊ ಮತ್ತು ರುಸ್‌ಇಎಫ್‌ಐ ಕೋಡನ್ನು ಮೊದಲು ಓದಿ. ಅಲ್ಲೂ ಹಲ್ಲು ಎಣಿಸುವ ಭಾಗದಿಂದಲೇ ಓದಿ. ಬೇರೆ ಬೇರೆ ಎಂಜಿನ್ನಿನ ಚಕ್ರಗಳಿಗೆ ಎಷ್ಟು ಕೋಡ್ ಬೇಕಾಗಿದೆ ಎಂಬುದನ್ನು ನೋಡಿದರೆ ಕಷ್ಟ ಎಲ್ಲಿದೆಯೆಂದು ತಾನಾಗಿ ತಿಳಿಯುತ್ತದೆ.

ಪರೀಕ್ಷೆಗೆ ಇನ್ನೊಂದು ಸಣ್ಣ ಬೋರ್ಡಿನಿಂದ ಚಕ್ರದ ಸಂಕೇತವನ್ನು ಹುಟ್ಟಿಸಿ, ವೇಗವನ್ನು ಬೇಕೆಂದೇ ಏರಿಳಿಸಿ, ನಡುನಡುವೆ ಸುಳ್ಳು ಹಲ್ಲುಗಳನ್ನು ತೂರಿಸಿ. ಆಮೇಲೆ ನಿಜವಾದ ಎಂಜಿನ್ನಿನಲ್ಲಿ ಇಂಜೆಕ್ಟರ್ ಮತ್ತು ಕಾಯಿಲ್‌ಗಳ ಫ್ಯೂಸ್ ತೆಗೆದು, ಸ್ಟಾರ್ಟರಿನಿಂದ ತಿರುಗಿಸಿ, ಹಲ್ಲುಗಳ ಅಂತರವನ್ನು ದಾಖಲಿಸಿಕೊಳ್ಳಿ. ಅದೇ ದಾಖಲೆಯನ್ನು ಕಂಪ್ಯೂಟರಿನಲ್ಲಿ ನಿಮ್ಮ ಫಂಕ್ಷನ್ನಿಗೆ ಉಣಿಸಿದರೆ, ಕೋಡ್ ಬದಲಿಸಿದಾಗಲೆಲ್ಲ ಬಾನೆಟ್ ಎತ್ತಬೇಕಿಲ್ಲ.

ಎಂಜಿನ್ ಮೊದಲ ಸಲ ಹತ್ತಿಕೊಂಡಾಗ ಕಿಡಿಯನ್ನು ಪಿಸ್ಟನ್ ತುದಿ ತಲುಪುವ 10 ಡಿಗ್ರಿ ಮುಂಚೆಗೆ ಕಟ್ಟಿಹಾಕಿ, ಕಿಡಿ ಬಿದ್ದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಹಿಡಿದು ಪುಲ್ಲಿಯ ಗುರುತನ್ನು ನೋಡಿ. ವೇಗವನ್ನು ನಿಧಾನವಾಗಿ 3000ಕ್ಕೆ ಏರಿಸಿ. ಗುರುತು ಅಲುಗದಿದ್ದರೆ ಇಂಧನದ ಕೋಷ್ಟಕ ತೆರೆಯಿರಿ. ಸುಮಾರು ಒಂದು ಡಿಗ್ರಿ ಹಿಂದೆ ಸರಿದರೆ ಎಲ್ಲೋ 50 ಮೈಕ್ರೋಸೆಕೆಂಡಿನಷ್ಟು ತಡವಾಗುತ್ತಿದೆ. ಅದನ್ನು ಹುಡುಕಿ ಲೆಕ್ಕದಲ್ಲಿ ಕಳೆಯಿರಿ. ಒಂದು ಕ್ರಮವಿಲ್ಲದೆ ಜಾರಿದರೆ ಕೋಡನ್ನು ಮುಟ್ಟುವ ಮೊದಲು ಕ್ರ್ಯಾಂಕ್ ಸೆನ್ಸರಿನ ಎರಡು ತಂತಿಗಳು ಅದಲುಬದಲಾಗಿವೆಯೇ ಎಂದು ನೋಡಿ. ಸುರುಳಿಯಿರುವ ಕಾಂತೀಯ ಸೆನ್ಸರ್ ಆಗಿದ್ದರೆ ಬಹಳ ಸಲ ಕಾರಣ ಅಲ್ಲೇ ಇರುತ್ತದೆ.