ಗೆಣ್ಣಿಲ್ಲದ ಬಳ್ಳಿ
6 ಜುಲೈ 2025, ಭಾನುವಾರ
ಬೇಲೂರು

ಆರಿದ್ರಾ ಮುಗಿದು ಪುನರ್ವಸು ಮಳೆ ಹಿಡಿಯುವ ಈ ಹೊತ್ತಿಗೆ ತೋಟದ ಮೆಣಸಿನ ಬಳ್ಳಿಯಲ್ಲಿ ಹೊಸ ತೆನೆ ಇಳಿಬಿದ್ದಿರುತ್ತದೆ. ಕಲ್ಲಿನಲ್ಲಿ ಬಳ್ಳಿ ಬಿಡಿಸುವವರು ಉಳಿ ಹಿಡಿಯುವ ಮುಂಚೆ ಅದನ್ನೊಮ್ಮೆ ಹತ್ತಿರ ನಿಂತು ನೋಡಬೇಕು. ಗೆಣ್ಣಿಗೊಂದೇ ಎಲೆ; ಒಂದು ಎಡಕ್ಕೆ ಹೊರಟರೆ ಮುಂದಿನದು ಬಲಕ್ಕೆ. ತೆನೆ ಹುಟ್ಟುವುದು ಎಲೆಯ ಎದುರು ಬದಿಯಲ್ಲಿ. ಮರವನ್ನು ಹಿಡಿದುಕೊಳ್ಳುವ ಬೇರೂ ಗೆಣ್ಣಿನದೇ, ಅಲ್ಲಿ ಕಾಂಡ ತುಸು ದಪ್ಪ. ಕೆತ್ತಿದ ಬಳ್ಳಿ ಸತ್ತಂತೆ ಕಾಣುವುದಕ್ಕೆ ಬಹಳ ಸಲ ಕಾರಣ ಇಷ್ಟೇ: ಸುರುಳಿಗಳು ಕಾಂಡದ ನಡುವೆ ಎಲ್ಲೆಂದರಲ್ಲಿ ಹುಟ್ಟಿರುತ್ತವೆ, ಗೆಣ್ಣೇ ಇರುವುದಿಲ್ಲ.

ಹಳೇಬೀಡಿನ ಗೋಡೆಯ ಕೆಳಸಾಲುಗಳಲ್ಲಿ ಆನೆ, ಸಿಂಹಗಳ ಮೇಲೆ ಓಡುವ ಬಳ್ಳಿ ಅಲೆಯಂತೆ ಎದ್ದು ಇಳಿಯುತ್ತದೆ, ಪ್ರತಿ ಬಾಗಿನೊಳಗೂ ಒಂದು ಸುರುಳಿ. ಇದನ್ನು ಅಭ್ಯಾಸ ಮಾಡಲು 24 ಇಂಚು ಉದ್ದ, 6 ಇಂಚು ಎತ್ತರ, 4 ಇಂಚು ದಪ್ಪದ ಬಳಪದ ಕಲ್ಲು ಸಾಕು. ಮೊದಲು ಸುತ್ತಿಗೆಯಿಂದ ತಟ್ಟಿ ಕೇಳಿ. ಗಂಟೆಯಂತೆ ದನಿ ಬಂದರೆ ಸರಿ, ಬೊದ್ದು ಸದ್ದಾದರೆ ಒಳಗೆ ಬಿರುಕು. ನೀರು ಸುರಿದು ಆರಲು ಬಿಟ್ಟರೆ ಬಿರುಕಿನ ಗೆರೆ ಕೊನೆಯವರೆಗೂ ಒದ್ದೆಯಾಗಿ ಉಳಿಯುತ್ತದೆ.

ಮೇಲೆ ಕೆಳಗೆ ಅರ್ಧರ್ಧ ಇಂಚು ಅಂಚು ಬಿಟ್ಟು, 5 ಇಂಚಿನ ನಾಲ್ಕು ವೃತ್ತ ಎಳೆಯಿರಿ. ಅವುಗಳ ನಡುವೆ ಒಂದಿಂಚು ಜಾಗವಿರಲಿ, ಕಾಂಡ ಹಾಯಬೇಕಲ್ಲ. ವೃತ್ತದಿಂದ ವೃತ್ತಕ್ಕೆ ದಾಟುವಲ್ಲಿ ಗೆಣ್ಣು ಗುರುತಿಸಿ. ಕಾವಿಯ ಗೆರೆ ಕೈ ತಾಗಿ ಅಳಿಯುತ್ತದೆ, ಮೊಳೆಯಿಂದ ಗೀರಿಬಿಡುವುದು ಒಳ್ಳೆಯದು.

ಹಿನ್ನೆಲೆಯನ್ನು ಒಂದೂವರೆ ಇಂಚು ತಗ್ಗಿಸುವಾಗ ಇಡೀ ಕಲ್ಲನ್ನು ಒಂದೇ ಮಟ್ಟದಲ್ಲಿ ಇಳಿಸುತ್ತ ಬನ್ನಿ. ಒಂದು ಎಲೆಯನ್ನು ಪೂರ್ತಿ ಮುಗಿಸಿ ಪಕ್ಕಕ್ಕೆ ಹೋದರೆ, ಪಕ್ಕದ ಪೆಟ್ಟಿನ ಅದುರಿಗೆ ಮುಗಿಸಿದ ಎಲೆಯ ತುದಿ ಹಾರುತ್ತದೆ. ಉಳಿ ಎಲೆಯಂಚಿನಿಂದ ಒಳಕ್ಕೆ, ಗಟ್ಟಿ ಕಲ್ಲಿನ ಕಡೆಗೆ ಹೋಗಬೇಕು. ಒಳಗಿನಿಂದ ಅಂಚಿನ ಕಡೆಗೆ ಹೊಡೆದರೆ ಅಂಚು ಕಿತ್ತು ಬರುತ್ತದೆ. ಈ ಕಲ್ಲಿಗೆ ಪದರವಿದೆ, ಮರದ ನಾರಿನ ಹಾಗೆ. ಎಲೆಯ ಉದ್ದ ಪದರದ ಜೊತೆಗೇ ಸಾಗಲಿ. ಅಡ್ಡ ಬಂದರೆ ತೆಳುವಾದಲ್ಲಿ ಪುಟಕ್ಕನೆ ಮುರಿಯುತ್ತದೆ.

ಎಲೆಯ ಹಿಂಬದಿ ಕೊರೆದು ಬಿಡಿಸುವುದು ಕೊನೆಗೆ. ಅಲ್ಲಿಯವರೆಗೆ ಎಲೆಗೂ ಹಿನ್ನೆಲೆಗೂ ನಡುವೆ ಬೆರಳು ದಪ್ಪದ ಆಸರೆ ಇರಲಿ. ಎಲೆ ಕಾಲಿಂಚಿಗಿಂತ ತೆಳುವಾಗುವುದು ಬೇಡ. ಇಷ್ಟು ಬಿಡಿಸಿಕೊಳ್ಳಲು ಬಿಡುವುದು ಬಳಪದ ಕಲ್ಲಿನ ಔದಾರ್ಯ. ಶ್ರವಣಬೆಳಗೊಳದ ಗೊಮ್ಮಟನ ತೊಡೆ, ತೋಳುಗಳ ಮೇಲಿನ ಮಾಧವೀಲತೆ ನೋಡಿ: ಗ್ರಾನೈಟಿನದು, ಎಲೆಗಳು ಮೈಗಂಟಿಕೊಂಡೇ ಇವೆ. ಆದರೂ ಅದು ಹತ್ತುತ್ತಿದೆ ಅನ್ನಿಸುತ್ತದೆ. ಆಳವಿಲ್ಲದೆ ಬರೀ ಗತಿಯಿಂದ ಬಳ್ಳಿಗೆ ಜೀವ ತುಂಬಿದ್ದು ಅಲ್ಲಿನ ಹೆಚ್ಚುಗಾರಿಕೆ.

ತುದಿ ಮುರಿದರೆ ಅಂಟು ಹಚ್ಚಬೇಡಿ, ಕೊನೆಗೆ ಕಲ್ಲಿಗೆ ಎಣ್ಣೆ ಹಚ್ಚಿದಾಗ ಆ ಗೆರೆ ಎದ್ದು ಕಾಣುತ್ತದೆ. ಮಡಚಿದ ಎಲೆ, ಹುಳು ತಿಂದ ಎಲೆ ತೋಟದಲ್ಲಿ ಬೇಕಾದಷ್ಟಿವೆ, ಅವುಗಳಂತೆ ತಿದ್ದಿಕೊಳ್ಳಿ. ಆಮೇಲೆ ಅರ, ನಂತರ 120, 220, 400ರ ನೀರುಕಾಗದ, ಅಂದರೆ ನೀರು ಹಾಕಿ ಉಜ್ಜುವ ಮರಳುಕಾಗದ; ಸಂಖ್ಯೆ ಏರಿದಷ್ಟೂ ನುಣುಪು. ಒಣಗಿದ್ದಾಗ ಉಜ್ಜಿದರೆ ಧೂಳು ಎದೆಗೆ ಇಳಿಯುತ್ತದೆ, ನೀರು ಹನಿಸುತ್ತಲೇ ಉಜ್ಜಿ, ಮೂಗಿಗೆ ಮಾಸ್ಕ್ ಇರಲಿ. ಎಣ್ಣೆ ಪೂರಾ ಆರಿದ ಕಲ್ಲಿಗೆ ಮಾತ್ರ. ಈ ಮಳೆಯಲ್ಲಿ ಅದಕ್ಕೆ ವಾರವಾದರೂ ಕಾಯಬೇಕು.